ವೇಷದ ಸಂತೆಯ ಬಾಗಿಲಲ್ಲಿ ನಿಂತಿದ್ದವರು

2003ರ ಫೆಬ್ರವರಿಯ ಎರಡನೆಯ ಭಾನುವಾರ ಬೆಳಿಗ್ಗೆ, ಹಳೇಬೀಡಿನ ಹೊರಗೆ ನಡೆಯುತ್ತಿದ್ದ ವೇಷದ ಸಂತೆಯ ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದ ನಿವೃತ್ತ ರೈಲ್ವೆ ನೌಕರರೊಬ್ಬರನ್ನು ಸಂತೆಯ ಸಮಿತಿ ಆ ಕೆಲಸದಿಂದ ಬಿಡಿಸಿತು. ಅವರಿಗೆ ಆಗ ಅರವತ್ತಾರು ವರ್ಷ. ಕಾರಣವನ್ನು ಸಮಿತಿ ಬರೆದು ಕೊಡಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದು ಇಷ್ಟು: ಒಳಗೆ ಬರಬಾರದ್ದು ಬಂದಿದೆ.

ಬರಬಾರದ್ದು ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಬೇಲೂರಿನ ವೈದ್ಯರೊಬ್ಬರು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲೊಂದು ದೊಡ್ಡ ಸಂತೆ ನೋಡಿ ಬಂದಿದ್ದರು. ಯೂರೋಪಿನ ನಾಲ್ಕೈದು ನೂರು ವರ್ಷದ ಹಿಂದಿನ ಪೇಟೆಯನ್ನು ಬಯಲಿನಲ್ಲಿ ಕಟ್ಟಿ, ಜನ ಆ ಕಾಲದ ಬಟ್ಟೆ ತೊಟ್ಟು, ಆ ಕಾಲದ ಅಡುಗೆ ಮಾಡಿ ಮಾರಿ, ಕತ್ತಿವರಸೆ ಆಡಿ ಮನೆಗೆ ಹೋಗುವ ಸಂತೆ. ಹೊಯ್ಸಳರ ಊರಿನಲ್ಲಿ ನಾವೇಕೆ ಮಾಡಬಾರದು ಎಂದು ಅವರಿಗೆ ಅನ್ನಿಸಿತು. ಸಮಿತಿಯಾಯಿತು. ಕೆರೆಯ ಕೆಳಗೆ ಕುಯ್ಲು ಮುಗಿದ ಬಯಲು ಸಿಕ್ಕಿತು. ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ, ನೇಕಾರರು, ಕುಂಬಾರರು, ಗಾಣದವರು, ಅಡುಗೆಯವರು, ಎಲ್ಲರೂ ಬಲ್ಲಾಳರ ಕಾಲದವರಂತೆ ಕೂರಬೇಕು. ನೋಡಲು ಬರುವವರು ಹೇಗಾದರೂ ಬರಬಹುದು, ಅವರಿಗೆ ಬೇರೆ ಬಾಗಿಲು. ಒಳಗೆ ಮಳಿಗೆ ಇಟ್ಟು ಕೂರುವವರು ಮಾತ್ರ ಪೂರ್ವದ ಬಾಗಿಲಿನಿಂದ ತಪಾಸಣೆ ಮಾಡಿಸಿಕೊಂಡು ಹೋಗಬೇಕು. ಹೊಯ್ಸಳರ ಕಾಲದಲ್ಲಿ ಇಲ್ಲದಿದ್ದ ಯಾವುದೂ ಆ ಬಾಗಿಲು ದಾಟುವಂತಿರಲಿಲ್ಲ.

ಆ ಬಾಗಿಲಿಗೆ ಯಾರನ್ನು ನಿಲ್ಲಿಸುವುದು ಎಂಬ ಮಾತು ಬಂದಾಗ ಅರಸೀಕೆರೆಯ ಸದಸ್ಯರೊಬ್ಬರು ಇವರನ್ನು ಸೂಚಿಸಿದರಂತೆ. ಇವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅರಸೀಕೆರೆ ಜಂಕ್ಷನ್ನಿನಿಂದ ಮೂರೂ ದಿಕ್ಕಿನ ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಟೀಸಿ ಸಾಹೇಬ್ರು ಎಂದರೆ ಇವರೇ.

ಎತ್ತರದ, ಒಣಕಲು ಮೈ. ನೆಲದ ಮೇಲೆ ನಿಂತರೂ ನೆಲ ಅಲುಗಾಡುತ್ತಿದೆ ಎಂಬಂತೆ ಕಾಲು ಅಗಲಿಸಿ ನಿಲ್ಲುತ್ತಿದ್ದರು. ಕೈಗೆ ಏನು ಕೊಟ್ಟರೂ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುವ ಅಭ್ಯಾಸ. ಮದುವೆಯ ಕರೆಯೋಲೆಯನ್ನೂ ಹಾಗೆ ಉಜ್ಜುತ್ತಿದ್ದರು, ಊಟಕ್ಕೆ ಹಾಕಿದ ಬಾಳೆಲೆಯನ್ನೂ.

ನಾನು ಅವರನ್ನು ಮೊದಲು ನೋಡಿದ್ದು 1999ರಲ್ಲಿ, ಸಂತೆಯ ಮೊದಲ ವರ್ಷ. ಹಾಸನದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ತಿಳಿಯದೆ ಪೂರ್ವದ ಬಾಗಿಲಿಗೇ ಹೋಗಿ ಗುರುತಿನ ಚೀಟಿ ಕೊಟ್ಟೆ. ಉಜ್ಜಿ ನೋಡಿದರು.

"ಪ್ರೆಸ್ಸಾ? ಬಲ್ಲಾಳನ ಕಾಲದಲ್ಲಿ ಪೇಪರ್ ಇತ್ತೇನ್ರೀ?"

"ಇರಲಿಲ್ಲ."

"ಹಂಗಾದ್ರೆ ನೀವೂ ಇರಲಿಲ್ಲ. ಆ ಕಡೆ ಬಾಗಿಲಿಂದ ಬನ್ನಿ."

ಹೋಗಲಿಲ್ಲ. ಪಕ್ಕದಲ್ಲೇ ನಿಂತು ನೋಡಿದೆ. ಕೈಗಡಿಯಾರ, ಬೆಂಕಿಪೊಟ್ಟಣ, ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ತಟ್ಟೆ ಎಲ್ಲವನ್ನೂ ತೆಗೆದು ಮರದ ಪೆಟ್ಟಿಗೆಗೆ ಹಾಕಿ, ನಂಬರು ಬರೆದ ಬಿದಿರಿನ ಬಿಲ್ಲೆ ಕೊಡುತ್ತಿದ್ದರು. ಸೊಂಟದಲ್ಲಿ ಸಿಕ್ಕಿಸಿಕೊಂಡ ಹೊಗೆಸೊಪ್ಪನ್ನು ಮಾತಾಡಿಸುತ್ತಲೇ ಎಳೆದರು. ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಸೀಬೆಹಣ್ಣು, ಮೆಣಸಿನಕಾಯಿ, ಇವೆಲ್ಲ ಹೊಯ್ಸಳರು ಅಳಿದ ಎಷ್ಟೋ ಕಾಲದ ಮೇಲೆ ಹಡಗಿನಲ್ಲಿ ಬಂದವು ಎಂದು ಸಮಿತಿಯ ಉಪನ್ಯಾಸಕರೊಬ್ಬರು ಪಟ್ಟಿ ಕೊಟ್ಟಿದ್ದರು. ಕನ್ನಡಕವನ್ನು ಆ ಪಟ್ಟಿಗೆ ಸೇರಿಸಿದ್ದು ಮಾತ್ರ ಇವರೇ. ಮೆಣಸಿನಕಾಯಿಯ ವಿಷಯವನ್ನು ಯಾರೂ ನಂಬಲಿಲ್ಲ.

"ಮೆಣ್ಸಿನ್ಕಾಯಿ ಇಲ್ದೆ ಬಲ್ಲಾಳ ಏನ್ ತಿಂತಿದ್ನಂತೆ?" ಎಂದು ಕಣಕಟ್ಟೆಯಿಂದ ಮುದ್ದೆ ಸಾರಿನ ಮಳಿಗೆ ಇಡಲು ಬಂದಿದ್ದ ಹೆಂಗಸು ಕೇಳಿದಳು.

"ಕಾಳುಮೆಣಸು."

"ಅದ್ಕೇ ಸೋತ."

ಸುತ್ತ ನಿಂತವರು ನಕ್ಕರು. ಅವರು ನಗಲಿಲ್ಲ. ಮೆಣಸಿನಕಾಯಿ ಗಂಟು ಪೆಟ್ಟಿಗೆಗೆ ಹೋಯಿತು. ಹಾಡುವ ಹೆಂಗಸರ ಗುಂಪೊಂದರ ಸೆರಗಿನ ಪಿನ್ನುಗಳನ್ನೂ ತೆಗೆಯಲು ಹೊರಟಾಗ, ಗುಂಪಿನ ಹಿರಿಯಳು, "ಪಿನ್ನು ನಿಮಗೆ ಕೊಟ್ಟು ಸೆರಗನ್ನ ನೀವು ಹಿಡ್ಕೊಂಡು ನಿಂತಿರ್ತೀರಾ ಯಜಮಾನ್ರೇ?" ಎಂದಳು. ಅವರು ಚಾಚಿದ ಕೈ ಹಿಂತೆಗೆದು ಪಿನ್ನುಗಳನ್ನು ಬಿಟ್ಟರು. ಆ ದಿನ ನಾನು ಕಂಡ ಒಂದೇ ವಿನಾಯಿತಿ ಅದು.

ಯಾರನ್ನು ಅನುಮಾನಿಸಬೇಕೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಮುಖ ನೋಡಬಾರದು. ಮುಖ ಎಲ್ಲರದೂ ಟಿಕೆಟ್ ತಗೊಂಡಿರೋ ಮುಖಾನೇ. ಪಾದ ನೋಡಬೇಕು. ತಪ್ಪು ಮಾಡಿದೋನ ಹೆಬ್ಬೆರಳು ಬಾಗಿಲ ಕಡೆ ತಿರುಗಿರ್ತದೆ" ಎಂದರು. ನನ್ನ ಪಾದವನ್ನೂ ಒಮ್ಮೆ ನೋಡಿದರು.

ಅವರ ಬಗ್ಗೆ ಅರಸೀಕೆರೆಯಲ್ಲಿ ಹೇಳುವ ಕತೆಗಳು ಹಲವು. ನಾನು ಖಚಿತಪಡಿಸಿಕೊಂಡದ್ದು ಒಂದನ್ನು. ಹೆಂಡತಿಯ ಅಣ್ಣ ಬಾಣಾವರದಲ್ಲಿ ರೈಲು ಹತ್ತಿದ್ದರು, ಒಂದು ನಿಲ್ದಾಣದ ದಾರಿ ತಾನೇ ಎಂದು ಟಿಕೆಟ್ ತೆಗೆದಿರಲಿಲ್ಲ. ಇವರು ಇಡೀ ಬೋಗಿಯ ಎದುರಿಗೆ ರಸೀದಿ ಹರಿದು ಕೈಗೆ ಕೊಟ್ಟರು. ಆ ಅಣ್ಣ ತಂಗಿಯ ಮನೆಗೇ ಹೊರಟಿದ್ದವರು, ಅರಸೀಕೆರೆಯಲ್ಲಿ ಇಳಿದು ಅದೇ ಪ್ಲಾಟ್‌ಫಾರಂನಿಂದ ವಾಪಸು ಹೋದರು. ಆಮೇಲೆ ಆರು ವರ್ಷ ಬರಲಿಲ್ಲ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. "ಪ್ರಯಾಣಿಕರ ಹತ್ರ ಒಂದು ಲೋಟ ಕಾಫಿ ಕುಡಿದೋರಲ್ಲ ಇವರು. ನಮ್ಮಣ್ಣ ಹಬ್ಬಕ್ಕೆ ಹೋಳಿಗೆ ಕಳಿಸಿದ್ರೂ ಯಾಕೆ ಕಳಿಸಿದ ಅಂತ ಕೇಳೋರು" ಎಂದರು. ಹೆಮ್ಮೆಯೋ ದೂರೋ ಗೊತ್ತಾಗಲಿಲ್ಲ.

ನಿವೃತ್ತರಾದ ಮೇಲೆ ಊರಿನ ನಿವೃತ್ತ ರೈಲ್ವೆ ನೌಕರರು ತಮ್ಮ ಸಂಘಕ್ಕೆ ಇವರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡರು. ಚುನಾವಣೆ ಎಂದೂ ನಡೆಯಲಿಲ್ಲ. ಪ್ರತಿ ವರ್ಷ ಯಾರೋ ಒಬ್ಬರು ಎದ್ದು, ಕೈ ಶುದ್ಧ ಇರೋರು ಅವರೇ, ಅವರೇ ಇರಲಿ ಎನ್ನುತ್ತಿದ್ದರು. ಮುಗಿಯುತ್ತಿತ್ತು. ಕೈ ಶುದ್ಧವೆಂದು ಅವರು ತಾವಾಗಿ ಯಾರ ಮುಂದೆಯೂ ಹೇಳಿಕೊಂಡವರಲ್ಲ. ಬೇರೆಯವರು ಹೇಳುವಾಗ ತಡೆದವರೂ ಅಲ್ಲ. ಅವರು ತಮ್ಮದೆಂದು ಕಾಯ್ದುಕೊಂಡದ್ದು ಆ ಒಂದು ಮಾತನ್ನು.

ನಡುವೆ ನನಗೆ ಮೈಸೂರಿಗೆ ವರ್ಗವಾಯಿತು. ಮತ್ತೆ ಹಾಸನಕ್ಕೆ ಬಂದದ್ದು 2002ರ ಕೊನೆಗೆ. ಮುಂದಿನ ಫೆಬ್ರವರಿಯಲ್ಲಿ ಸಂತೆಯ ಎರಡನೆಯ ದಿನ, ಶನಿವಾರ ಬೆಳಿಗ್ಗೆ, ಕಚೇರಿಯ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಬಿದ್ದಿತ್ತು. ಸಹಿ ಇಲ್ಲ. "ಸಂತೆಯ ಟೀಸಿ ಊಟಕ್ಕೆ ಬಾಗಿಲು ಮಾರಿಕೊಂಡಿದ್ದಾನೆ. ಪೂರ್ವದ ಬಾಗಿಲಲ್ಲಿ ನಿಂತು ನೋಡಿ." ಬರೆದವರು ಯಾರೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಸಹಿ ಇಲ್ಲದ ಚೀಟಿಯನ್ನು ನಂಬಬಾರದು, ಎಸೆಯಲೂಬಾರದು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಹಳೇಬೀಡಿನ ಬಸ್ಸು ಹತ್ತಿದೆ.

ಸಂತೆ ಮೊದಲಿನದಕ್ಕಿಂತ ಬಹಳ ದೊಡ್ಡದಾಗಿತ್ತು. ಬಯಲು ಸಾಲದೆ ಪಕ್ಕದ ಹೊಲಗಳಿಗೂ ಹಬ್ಬಿತ್ತು. ಬಾಗಿಲಲ್ಲಿ ಅದೇ ಮನುಷ್ಯ, ಅದೇ ಮರದ ಪೆಟ್ಟಿಗೆ. ನಾನು ಎದುರಿನ ಹುಣಸೆಮರದ ಕೆಳಗೆ ಎರಡು ಗಂಟೆ ನಿಂತು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಕೈಗಡಿಯಾರ ಕಟ್ಟಿಕೊಂಡ ಒಬ್ಬ ಕೈ ಬೀಸಿಕೊಂಡೇ ಒಳಗೆ ಹೋದ. ಒಬ್ಬಳು ಕಂದು ಬಣ್ಣ ಬಳಿದ ಪ್ಲಾಸ್ಟಿಕ್ ಕೊಡ ಹೊತ್ತು ಹೋದಳು. ನೇಕಾರನೊಬ್ಬನ ಅಂಗಿಯಲ್ಲಿ ಪೆನ್ನಿತ್ತು. ಅವರು ಮೂವರನ್ನೂ ನೋಡಿದರು, ತಲೆ ಆಡಿಸಿದರು. ಆದರೆ ಒಬ್ಬ ಹುಡುಗಿಯ ಪ್ಲಾಸ್ಟಿಕ್ ಬಳೆಯನ್ನು ಉಜ್ಜಿ ನೋಡಿ ತೆಗೆಸಿದರು. ಬಳೆಯವಳು ಬಡವಳಂತೆ ಕಂಡಳು, ಗಡಿಯಾರದವನು ಅನುಕೂಲಸ್ಥನಂತೆ. ಪುಸ್ತಕದಲ್ಲಿ ಅದನ್ನೂ ಬರೆದೆ.

ಮಧ್ಯಾಹ್ನ ಬಾಗಿಲನ್ನು ಇನ್ನೊಬ್ಬರಿಗೆ ಬಿಟ್ಟು ಅವರು ಒಳಗೆ ಹೋದರು. ನಾನು ಆ ಕಡೆಯ ಬಾಗಿಲಿನಿಂದ ಸುತ್ತಿ ಬಂದೆ. ಕಣಕಟ್ಟೆಯ ಹೆಂಗಸಿನ ಮಳಿಗೆಯ ಹಿಂದೆ, ತೆಂಗಿನ ಗರಿಯ ಮರೆಯಲ್ಲಿ, ಕುಕ್ಕರುಗಾಲಲ್ಲಿ ಕೂತು ಅವರು ಮುದ್ದೆ ಉಣ್ಣುತ್ತಿದ್ದರು. ಸಾರು ಕೆಂಪಗಿತ್ತು.

ಅವರು ಎದ್ದು ಹೋದ ಮೇಲೆ ಆಕೆಯನ್ನು ಮಾತಾಡಿಸಿದೆ.

"ಏನಮ್ಮ, ಸಾರು ಕೆಂಪಗಿದೆ?"

"ಕೆಂಪಗಿರ್ದೆ ಇನ್ನೇನು ನೀಲಿ ಇರ್ತದಾ? ಉಣ್ಣಂಗಿದ್ರೆ ಕೂತ್ಕಳಿ. ಬಣ್ಣ ಕೇಳಕ್ ಬಂದ್ರಾ?"

"ಬಾಗಿಲಲ್ಲಿ ಮೆಣಸಿನಕಾಯಿ ಬಿಟ್ಟರಾ?"

ಆಕೆ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು. "ಪೇಪರ್ನೋರಾ? ಬಿಟ್ರು. ಗಂಟು ಬಿಚ್ಚಿದೆ, ಮೂಸಿದ್ರು. ಇನ್ನೊಂದ್ ಸಲ ಮೂಸಿದ್ರು. ಒಳಕ್ಕೋಗವ್ವ ಅಂದ್ರು. ನಾನೇನ್ ಕದ್ ತಂದಿಲ್ಲ."

"ಊಟಕ್ಕೆ ಯಾವಾಗ ಕರೆದದ್ದು?"

"ಶುಕ್ರವಾರ ಬೆಳಿಗ್ಗೇನೆ. ಗಂಟು ಇಳಿಸ್ತಾನೆ ಅಂದೆ, ಅಣ್ಣಾರೆ ಮದ್ಯಾನ ನಮ್ತಾವೇ ಉಣ್ಣಿ ಅಂತ. ಹಸ್ದೋರ್ಗೆ ಇಕ್ಕಿದ್ರೆ ಅದ್ನೂ ಪೇಪರ್ಗಾಕ್ತೀರಾ?"

ಆ ರಾತ್ರಿ ಹಾಸನಕ್ಕೆ ಹೋಗಲಿಲ್ಲ, ಹಳೇಬೀಡಿನಲ್ಲೇ ಉಳಿದೆ. ಚೀಟಿಯ ಮಾತು ನಿಜವೆಂದು ಆಗಲೇ ಮುಕ್ಕಾಲು ಪಾಲು ತೀರ್ಮಾನಿಸಿದ್ದೆ.

ಭಾನುವಾರ ಬೆಳಿಗ್ಗೆ ನೇರವಾಗಿ ಕೇಳೋಣವೆಂದು ಬಾಗಿಲಿಗೆ ಹೋದೆ. ಹತ್ತು ಹೆಜ್ಜೆ ದೂರದಲ್ಲಿರುವಾಗಲೇ, "ಬನ್ನಿ ಡಾಕ್ಟ್ರೇ, ಇವತ್ತು ಜನ ಜಾಸ್ತಿ" ಎಂದರು. ಸಂತೆ ಶುರುಮಾಡಿದ ಬೇಲೂರಿನ ವೈದ್ಯರು ಕುಳ್ಳು, ದಪ್ಪ, ತಲೆ ಬೋಳು. ನಾನು ಯಾವ ಕಡೆಯಿಂದ ನೋಡಿದರೂ ಹಾಗಿಲ್ಲ. ನಿಂತಲ್ಲೇ ನಿಂತು ಪುಸ್ತಕ ತೆರೆದೆ. ಹಿಂದಿನ ದಿನ ಬರೆದುಕೊಂಡದ್ದನ್ನು ಓದಿದರೆ ಬೇರೆಯೇ ಅರ್ಥ ಬರುತ್ತಿತ್ತು. ಅವರು ಕೈಯಲ್ಲಿ ಮುಟ್ಟಿದ್ದೆಲ್ಲ ಸಿಕ್ಕಿಬಿದ್ದಿತ್ತು. ಬರೀ ನೋಡಿದ್ದೆಲ್ಲ ಒಳಗೆ ಹೋಗಿತ್ತು.

"ನಾನು ಡಾಕ್ಟರಲ್ಲ" ಎಂದು ಹತ್ತಿರ ಹೋದೆ. ಯಾರೆಂದು ಹೇಳಿದೆ. "ನಿಮಗೆ ಕಣ್ಣು ಕಾಣ್ತಿಲ್ಲ."

ಅವರು ಸುತ್ತ ಯಾರಿದ್ದಾರೆಂದು ಕಿವಿಗೊಟ್ಟರು. ಆಮೇಲೆ ಸೊಂಟದಿಂದ ಒಂದು ಬಿದಿರಿನ ಬಿಲ್ಲೆ ತೆಗೆದು ತೋರಿಸಿದರು. ಒಂದನೆಯ ನಂಬರು.

"ಪೆಟ್ಟಿಗೇಲಿ ಮೊದಲನೇ ಸಾಮಾನು ನಂದೇ. ಹೋದ ವರ್ಷ ಕಣ್ಣಿನ ಆಪರೇಶನ್ ಆಯ್ತು. ದಪ್ಪ ಗಾಜು. ಅದಿಲ್ಲದಿದ್ರೆ ಎಲ್ಲಾ ಮಂಜು."

"ಹಾಕಿಕೊಳ್ಳಬಹುದಿತ್ತಲ್ಲ. ನಿಯಮ ಒಳಗೆ ಕೂರುವವರಿಗೆ ತಾನೇ?"

"ಮೊದಲನೇ ವರ್ಷ ಕುಂಬಾರರ ಅಜ್ಜನ ಕನ್ನಡಕ ಈ ಕೈಲೇ ಕಿತ್ತಿಟ್ಟೆ ಕಣ್ರೀ. ಬೇಡಿಕೊಂಡ. ಆಗಲ್ಲ ಅಂದೆ. ಮೂರು ದಿನ ತಡಕಾಡಿಕೊಂಡು ಗಡಿಗೆ ಮಾಡಿದ. ಆತ ಇವತ್ತೂ ಒಳಗೆ ಕೂತವ್ನೆ. ನಾನು ಯಾವ ಮುಖ ಇಟ್ಕೊಂಡು ಹಾಕ್ಕೊಳ್ಳಲಿ?"

ಇದು ಗಡಿಯಾರಕ್ಕೂ ಕೊಡಕ್ಕೂ ಪೆನ್ನಿಗೂ ಉತ್ತರವಾಯಿತು. ಮೆಣಸಿನಕಾಯಿಗೆ ಆಗಲಿಲ್ಲ. ಮೆಣಸಿನಕಾಯಿ ಹಿಡಿಯಲು ಕಣ್ಣು ಬೇಕಿಲ್ಲ. ಅದನ್ನೂ ಕೇಳಿದೆ.

"ಗೊತ್ತಿದ್ದೇ ಬಿಟ್ಟೆ. ಮೊದಲನೇ ವರ್ಷ ಆಯಮ್ಮನ ಸಾರು ಯಾರೂ ಬಾಯಿಗಿಡಲಿಲ್ಲ. ಕೊನೇ ದಿನ ಹಂಡೆ ಬಗ್ಗಿಸಿ ನಾಯಿಗೆ ಹಾಕಿದ್ಲು. ನಾನು ಅಲ್ಲೇ ನಿಂತಿದ್ದೆ."

"ಊಟ?"

"ಒಳಗೆ ಬಿಟ್ಟಮೇಲೆ ಕರೆದ್ಲು."

"ಗಂಟು ಇಳಿಸುತ್ತಲೇ ಕರೆದೆ ಎಂದು ಆಕೆ ಹೇಳಿದಳು."

ಅವರು ಬಿಲ್ಲೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನನಗೆ ನೆನಪಿರೋದು ಹಂಗೆ" ಎಂದರು. ಮೊದಲು ಊಟದ ಮಾತೋ, ಮೊದಲು ಗಂಟು ಬಿಟ್ಟದ್ದೋ, ನನಗೆ ಈಗಲೂ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪು ಹೇಳುತ್ತಿದ್ದರು. ಸುಳ್ಳು ಹೇಳುವ ಅಗತ್ಯ ಆಕೆಗೆ ಕಡಿಮೆ ಇತ್ತು.

ಒಂದು ಕಡೆಯ ಮಾತು ಕೇಳಿದ ಮೇಲೆ ಇನ್ನೊಂದು ಕಡೆಯನ್ನೂ ಕೇಳಬೇಕು. ವೈದ್ಯರ ಬಳಿಗೆ ಹೋದೆ. ಅವರು ರೇಷ್ಮೆಯ ಉತ್ತರೀಯ ಹೊದ್ದು ಸಮಿತಿಯ ಡೇರೆಯಲ್ಲಿದ್ದರು. ಬಾಗಿಲಲ್ಲಿ ಕಂಡದ್ದನ್ನು ಹೇಳಿದೆ.

"ನೀವು ಬರೀತೀರಾ?" ಎಂದು ಕೇಳಿದರು.

"ವಿಚಾರಿಸ್ತಾ ಇದ್ದೀನಿ. ಅವರಿಗೆ ಕಣ್ಣು ಕಾಣ್ತಿಲ್ಲ."

"ಅದನ್ನ ಅವರು ನಮಗೆ ಹೇಳಬೇಕಿತ್ತು. ಒಂದು ಕೆಲಸ ಮಾಡಿ. ಅವರನ್ನ ಬಿಡಿಸಲಾಗಿದೆ ಅಂತಲೇ ಹಾಕಿ. ಈಗಲೇ ಬಿಡಿಸ್ತೀವಿ."

ಅರ್ಧ ಗಂಟೆಯಲ್ಲಿ ಬಿಡಿಸಿದರು. ಟೀಸಿ ಪೆಟ್ಟಿಗೆಯಲ್ಲಿದ್ದ ಒಂದೊಂದೇ ಸಾಮಾನನ್ನು ಮುಟ್ಟಿ ಎಣಿಸಿ ಒಪ್ಪಿಸಿ, ಕೊನೆಗೆ ತಮ್ಮ ಬಿಲ್ಲೆ ಕೊಟ್ಟು ಕನ್ನಡಕ ಪಡೆದು ಹಾಕಿಕೊಂಡರು. ಆಗ ನನ್ನ ಮುಖವನ್ನು ಸರಿಯಾಗಿ ನೋಡಿದರು.

"ಬರ್ಕೊಳ್ಳಿ" ಎಂದು ಬೆರಳು ಮಡಿಸಿದರು. "ಕಣ್ಣು ಕಾಣದೆ ಸಾಮಾನು ಬಿಟ್ಟೆ. ಕಾಣಲ್ಲ ಅಂತ ಸಮಿತಿಗೆ ಹೇಳಲಿಲ್ಲ. ಮೆಣಸಿನಕಾಯಿ ಗೊತ್ತಿದ್ದೇ ಬಿಟ್ಟೆ. ಆಯಮ್ಮನ ಹತ್ರ ಎರಡು ದಿನ ಉಂಡೆ. ನಾಲ್ಕೂ ಹಾಕಿ. ಒಂದು ಬಿಟ್ಟರೂ ಮಿಕ್ಕ ಮೂರು ಸುಳ್ಳಾಗ್ತವೆ. ಸಂಘದಲ್ಲಿ ಮುಂದಿನ ತಿಂಗಳು ಸಭೆ ಐತೆ. ನಾನು ಅಲ್ಲಿ ಕೂತ್ಕೋಬೇಕು."

ಆ ರಾತ್ರಿ ಆರು ಪ್ಯಾರಾ ಬರೆದೆ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ ಇರುತ್ತದೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ. ಪುಟ ಕಟ್ಟುವವರು ಆಗ ಏನು ಬರೆದಿದೆ ಎಂದು ಓದುವುದಿಲ್ಲ, ಎಷ್ಟು ಉದ್ದವಿದೆ ಎಂದು ನೋಡುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಹೇಳಿಕೆಯನ್ನು ಆರನೆಯ ಪ್ಯಾರಾದಲ್ಲಿ ಇಟ್ಟೆ. ಮಂಗಳವಾರದ ಪುಟಕ್ಕೆ ಕೊನೆಯ ಗಳಿಗೆಯಲ್ಲಿ ಒಡವೆ ಅಂಗಡಿಯ ಜಾಹೀರಾತು ಬಂತು. ಐದು ಪ್ಯಾರಾ ಅಚ್ಚಾಯಿತು. ಐದನೆಯದರ ಕೊನೆಯ ವಾಕ್ಯ: "ನಿಷೇಧಿತ ಪದಾರ್ಥ ಬಳಸುತ್ತಿದ್ದ ಅದೇ ಮಳಿಗೆಯಲ್ಲಿ ಅವರು ಎರಡು ದಿನ ಮಧ್ಯಾಹ್ನದ ಊಟ ಮಾಡಿದ್ದು ಕಂಡುಬಂದಿದೆ."

ಹತ್ತು ದಿನದ ಮೇಲೆ ಅವರ ಕಾರ್ಡು ಬಂತು. ಅಕ್ಷರಗಳು ದೊಡ್ಡವು, ಸಾಲು ಸೊಟ್ಟ. "ಸ್ವಾಮೀ, ಮಂಗಳವಾರದ ಪತ್ರಿಕೆಯಲ್ಲಿ ನನ್ನ ಊಟ ಬಂದಿದೆ. ಮಿಕ್ಕ ಮೂರು ವಿಷಯ ಯಾವ ದಿನ ಬರುತ್ತವೆ ತಿಳಿಸಿ. ದಿನವೂ ಪತ್ರಿಕೆ ತರಿಸಿ ಓದಿಸುತ್ತಿದ್ದೇನೆ."

ಉಳಿದದ್ದನ್ನು ಹಾಕಬಹುದೇ ಎಂದು ಸುದ್ದಿ ತಿದ್ದುವ ಡೆಸ್ಕಿನವರನ್ನು ಕೇಳಿದೆ. ಅಚ್ಚಾದದ್ದರಲ್ಲಿ ತಪ್ಪೇನಾದರೂ ಇದೆಯೇ ಎಂದು ಅವರು ಕೇಳಿದರು. ಇರಲಿಲ್ಲ. ಹಾಗಾದರೆ ತಿದ್ದುಪಡಿ ಯಾವುದಕ್ಕೆ ಎಂದರು.

ಮಾರ್ಚ್ ಮೊದಲ ವಾರ ಅರಸೀಕೆರೆಗೆ ಹೋದೆ. ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಮನೆ. ಹೆಂಡತಿ ಬಾಗಿಲು ತೆರೆದು, ಬಂದವರು ಯಾರೆಂದು ತಿಳಿದ ಮೇಲೆ ಒಳಗೆ ಕರೆಯಲು ಸ್ವಲ್ಪ ತಡಮಾಡಿದರು. "ಸಂಘದೋರು ಇಬ್ಬರು ಬಂದಿದ್ರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಕಾಫಿ ಕೊಟ್ಟೆ, ನೀವು ಕುಡೀತೀರಾ ಸಾಹೇಬ್ರೇ ಅಂತ ಇವರನ್ನ ಕೇಳಿ ನಕ್ಕರು" ಎಂದರು.

ಅವರು ಕುರ್ಚಿಯಲ್ಲಿ ಕೂತಿದ್ದರು. ಆ ಪ್ಯಾರಾ ಬರುವುದಿಲ್ಲ ಎಂದು ಹೇಳಿದೆ. ಏಕೆಂದೂ ವಿವರಿಸಿದೆ.

"ಕೆಳಗಿಂದ ಕತ್ತರಿಸ್ತಾರೆ ಅಂತ ಬರೆಯೋವಾಗ ನಿಮಗೆ ಗೊತ್ತಿತ್ತೇನ್ರೀ?"

"ಗೊತ್ತಿತ್ತು."

"ಗೊತ್ತಿದ್ದೂ ಕೆಳಗೆ ಹಾಕಿದ್ರಿ."

"ಹೌದು. ನಿಮ್ಮ ಮಾತು ಪೂರ್ತಿ ನಂಬಿರಲಿಲ್ಲ."

"ಈಗ?"

"ಕಣ್ಣಿನ ವಿಷಯ ನಂಬಿದ್ದೀನಿ. ಊಟದ ವಿಷಯ ಗೊತ್ತಿಲ್ಲ."

ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಅವರು ಕೈ ಎತ್ತಿ ಆಕೆಯನ್ನು ಸುಮ್ಮನಿರಿಸಿದರು. "ಒಪ್ಕೊಂಡೋನ ಮೇಲೆ ರೇಗಬಾರದು ಕಣೇ. ರೈಲಲ್ಲೂ ನಾನು ರೇಗ್ತಿರಲಿಲ್ಲ. ರಸೀದಿ ಬರೆದು ಮುಂದಕ್ಕೆ ಹೋಗ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಒಂದು ಕಾಗದದ ಮೇಲೆ ಆ ಆರನೇ ಪ್ಯಾರಾ ಬರೀರಿ. ಅಚ್ಚಾಗಲಿಲ್ಲ ಅಂತಾನೂ ಬರೀರಿ. ಊಟದ ಬಗ್ಗೆ ನಿಮಗೆ ಅನುಮಾನ ಇದ್ರೆ ಅದನ್ನೂ ಬರೀರಿ. ಸಹಿ ಹಾಕಿ."

ಬರೆದೆ. ಅನುಮಾನವನ್ನೂ ಬರೆದೆ. ಅವರು ಕಾಗದವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮಡಿಸಿ, ಜೇಬಿಗೆ ಹಾಕಿಕೊಂಡರು. ಕಾಫಿ ಬಂತು, 'ಕುಡೀರಿ' ಎಂದರು. ನಾನು ಕುಡಿಯುವವರೆಗೂ ನೋಡುತ್ತಿದ್ದರು. ಅವರು ಕುಡಿಯಲಿಲ್ಲ.

ಮತ್ತೆ ನಾನು ಅವರನ್ನು ನೋಡಲಿಲ್ಲ. 2007ರಲ್ಲಿ ಅವರು ತೀರಿಕೊಂಡರು. ಅದರ ಮರುವರ್ಷ ಬೇರೆ ಕೆಲಸಕ್ಕೆ ಅರಸೀಕೆರೆಗೆ ಹೋದಾಗ ಸಂಘದ ಕಾರ್ಯದರ್ಶಿಯವರನ್ನು ಆ ಸಭೆಯ ಬಗ್ಗೆ ಕೇಳಿದೆ. ಅವರು ನಡಾವಳಿ ಪುಸ್ತಕ ತೆಗೆದು ತೋರಿಸಿದರು. 2003ರ ಮಾರ್ಚ್ ಸಭೆಯ ಪುಟದಲ್ಲಿ ಮೂರನೆಯ ವಿಷಯವಾಗಿ, "ಅಧ್ಯಕ್ಷರು ತಂದ ಕಾಗದವನ್ನು ಅವರ ಅಪ್ಪಣೆಯಂತೆ ಪೂರ್ತಿಯಾಗಿ ಓದಲಾಯಿತು" ಎಂದಿದೆ. ನಾಲ್ಕನೆಯ ವಿಷಯ, ಹೊಸ ಅಧ್ಯಕ್ಷರ ಆಯ್ಕೆ.